ನೋಡಿದ್ದೆಲ್ಲ ಕಲಿತಂತಲ್ಲ: ಟಿವಿ ಮೇಷ್ಟ್ರ ಮೂರು ಚಿತ್ರಗಳು

ರಾತ್ರಿ ಹತ್ತರ ಹೊತ್ತಿಗೆ ಕೊನೆಯ ಸುದ್ದಿ ಕಳಿಸಿ, ಊಟ ಮುಗಿಸಿ ಜಗುಲಿ ಮೇಲೆ ಕೂತರೆ ನಮಗೊಂದು ಅಭ್ಯಾಸ ಇತ್ತು. ಅಣ್ಣ ತಮ್ಮ ಇಬ್ಬರೂ ಒಂದೇ ಫೋನಿಗೆ ಕಣ್ಣು ಕೊಟ್ಟು, ಗುಂಗುರು ಕೂದಲಿನ ಒಬ್ಬ ಅಮೆರಿಕದ ಮೇಷ್ಟ್ರು ಚಿತ್ರ ಬರೆಯುವುದನ್ನು ನೋಡುತ್ತಿದ್ದೆವು. ಬಿಳೀ ಕ್ಯಾನ್ವಾಸ್ ಮೇಲೆ ಎರಡು ನಿಮಿಷಕ್ಕೆ ಆಕಾಶ, ಐದು ನಿಮಿಷಕ್ಕೆ ಹಿಮದ ಬೆಟ್ಟ, ಅರ್ಧ ಗಂಟೆ ಆಗುವಷ್ಟರಲ್ಲಿ ಕೆರೆ, ಮರ, ಒಂದು ಹಳೇ ಗುಡಿಸಲು. ಇಂಗ್ಲಿಷ್ ಪೂರ್ತಿ ಅರ್ಥ ಆಗದಿದ್ದರೂ ಕೈ ಏನು ಮಾಡುತ್ತದೆ ಅನ್ನುವುದು ಕಾಣುತ್ತಿತ್ತು. ಆ ಮೆತ್ತನೆ ದನಿ ಕೇಳುತ್ತಿದ್ದರೆ ದಿನದ ಗಲಾಟೆಯೆಲ್ಲ ಮರೆಯುತ್ತಿತ್ತು.

ಹೀಗೆ ಎಂಟು ತಿಂಗಳು ನೋಡಿದೆವು. ಒಂದು ರಾತ್ರಿ ಅವ್ವ ಒಳಗಿಂದ ಬಂದು ಕೇಳಿದಳು: "ಇಬ್ರೂ ದಿನಾ ನೋಡ್ತೀರಲ್ಲ, ಎಲ್ಲಿ, ಒಂದು ಗಿಡ ಬರ್ದು ತೋರ್ಸಿ ನೋಡಾನ."

ನಮ್ಮಿಬ್ಬರ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ.

ಯಾರು ಈ ಮೇಷ್ಟ್ರು?

ಹೆಸರು ಬಾಬ್ ರಾಸ್. ನಿಮ್ಮಲ್ಲಿ ಕೆಲವರಾದರೂ ಫೋನಿನಲ್ಲಿ ನೋಡಿರುತ್ತೀರಿ. ಹುಟ್ಟಿದ್ದು 1942ರಲ್ಲಿ, ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ. ಅಪ್ಪ ಬಡಗಿ. ಮಗ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ಮರಗೆಲಸಕ್ಕೆ ಹೋದ. ಆ ಕೆಲಸದಲ್ಲೇ ಎಡಗೈ ತೋರುಬೆರಳಿನ ತುದಿ ಹೋಯಿತು. ಟಿವಿಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ, ಯಾಕೆಂದರೆ ಆ ಕೈಯಲ್ಲಿ ಯಾವಾಗಲೂ ಬಣ್ಣದ ಹಲಗೆ ಇರುತ್ತಿತ್ತು.

ಆಮೇಲೆ ವಾಯುಪಡೆ ಸೇರಿ ಇಪ್ಪತ್ತು ವರ್ಷ ದುಡಿದರು. ಹೆಚ್ಚು ಕಾಲ ಇದ್ದದ್ದು ಹಿಮದ ನಾಡು ಅಲಾಸ್ಕಾದಲ್ಲಿ. ಅವರ ಚಿತ್ರಗಳಲ್ಲಿ ಹಿಮದ ಬೆಟ್ಟಗಳು ಬಂದದ್ದು ಅಲ್ಲಿಂದ. ಪಡೆಯಲ್ಲಿ ಅವರದ್ದು ಕಿರಿಯರ ಮೇಲೆ ಕೂಗಾಡಿ ಕೆಲಸ ತೆಗೆಯುವ ಹುದ್ದೆ. ಈ ಕೆಲಸ ಬಿಟ್ಟ ಮೇಲೆ ಯಾರ ಮೇಲೂ ದನಿ ಎತ್ತಬಾರದು ಅಂತ ತೀರ್ಮಾನಿಸಿದ್ದರಂತೆ. ನಾವು ರಾತ್ರಿ ಕೇಳುತ್ತಿದ್ದ ಮೆತ್ತನೆ ದನಿ ಹಾಗೆ ಬಂದದ್ದು.

ಅಲಾಸ್ಕಾದಲ್ಲಿದ್ದಾಗ ಪಡೆಯ ಸಂಬಳ ಸಾಲದೆ ಸಂಜೆ ಹೊತ್ತು ಒಂದು ಬಾರಿನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಟಿವಿಯಲ್ಲಿ ಬಿಲ್ ಅಲೆಕ್ಸಾಂಡರ್ ಎಂಬ ಜರ್ಮನ್ ಮೂಲದ ಕಲಾವಿದ ಅರ್ಧ ಗಂಟೆಯಲ್ಲಿ ಎಣ್ಣೆ ಬಣ್ಣದ ಚಿತ್ರ ಮುಗಿಸುವುದನ್ನು ಕಂಡರು. ಅಂದರೆ ನಮಗೆಲ್ಲ ಟಿವಿಯಲ್ಲಿ ಕಲಿಸಿದ ಮೇಷ್ಟ್ರಿಗೂ ಮೊದಲು ಆಸೆ ಹತ್ತಿದ್ದು ಟಿವಿ ನೋಡಿಯೇ. ಆದರೆ ಅವರು ನೋಡಿ ಸುಮ್ಮನಾಗಲಿಲ್ಲ. ಕಲಿತು, ಅಲಾಸ್ಕಾದಲ್ಲಿ ಚಿನ್ನ ಜಾಲಿಸುವ ತಟ್ಟೆಗಳ ಒಳಗೆ ಬೆಟ್ಟ ಗುಡ್ಡ ಬರೆದು ಪ್ರವಾಸಿಗರಿಗೆ ಮಾರಿದರು. ಮುಂದೆ ಅಲೆಕ್ಸಾಂಡರ್ ಹತ್ತಿರ ನೇರವಾಗಿ ಕಲಿತು, ಅವರ ಕಡೆಯಿಂದಲೇ ಊರೂರು ತಿರುಗಿ ಪಾಠ ಮಾಡಿದರು.

1983ರ ಜನವರಿಯಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಜಾಲ ಪಿಬಿಎಸ್‌ನಲ್ಲಿ ಅವರ ಸ್ವಂತ ಕಾರ್ಯಕ್ರಮ ಶುರುವಾಯಿತು. ಹೆಸರು 'ದಿ ಜಾಯ್ ಆಫ್ ಪೇಂಟಿಂಗ್'. 1994ರವರೆಗೆ 31 ಸರಣಿ, 403 ಕಂತು. ಮುಗಿದ ಮರು ವರ್ಷವೇ, 1995ರ ಜುಲೈ 4ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 52 ಅಷ್ಟೇ. ಇವತ್ತು ಆ ಎಲ್ಲ ಸರಣಿಗಳೂ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ.

ಹಸಿಯ ಮೇಲೆ ಹಸಿ

ಅವರ ವಿಧಾನ ಏನು ಅನ್ನುವುದನ್ನು ಮೊದಲು ಹೇಳಬೇಕು. ಅದು ಗೊತ್ತಿಲ್ಲದೆ ಮುಂದಿನ ಮಾತು ತಿಳಿಯುವುದಿಲ್ಲ.

ಎಣ್ಣೆ ಬಣ್ಣ ಅಂದರೆ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ನಮ್ಮ ಬಯಲುಸೀಮೆಯಲ್ಲಿ ರೊಟ್ಟಿ ಜೊತೆ ತಿನ್ನುವ ಅಗಸಿ ಚಟ್ನಿ ಇದೆಯಲ್ಲ, ಅದೇ ಗಿಡದ ಎಣ್ಣೆ. ನೀರಿನ ಬಣ್ಣ ಆರುವುದು ನೀರು ಆವಿಯಾಗಿ. ಎಣ್ಣೆ ಬಣ್ಣ ಹಾಗಲ್ಲ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾಗಿದ್ದರೆ ಕೆಲವು ದಿನ, ದಪ್ಪ ಇದ್ದರೆ ವಾರಗಟ್ಟಲೆ ಬೇಕು. ಹಾಗಾಗಿ ಹಳೇ ಪದ್ಧತಿಯವರು ಒಂದು ಪದರ ಹಚ್ಚಿ, ಒಣಗಲು ಬಿಟ್ಟು, ಮತ್ತೊಂದು ಪದರ ಹಚ್ಚುತ್ತಿದ್ದರು. ಒಂದು ಚಿತ್ರಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು.

ರಾಸ್ ಮಾಡಿದ್ದು ಹಸಿಯ ಮೇಲೆ ಹಸಿ. ಕ್ಯಾನ್ವಾಸಿಗೆ ಮೊದಲು ತೆಳ್ಳನೆಯ ಬಿಳಿ ಎಣ್ಣೆ ಬಣ್ಣ ಸವರಿ, ಅದು ಒದ್ದೆಯಿರುವಾಗಲೇ ಮೇಲೆ ನೀಲಿ ತಂದರೆ ಬಣ್ಣಗಳು ಕ್ಯಾನ್ವಾಸಿನ ಮೇಲೆಯೇ ಬೆರೆಯುತ್ತವೆ. ಮೇಲೆ ಕಡು ನೀಲಿ, ಕೆಳಗೆ ಬರಬರುತ್ತಾ ತಿಳಿ ನೀಲಿ, ಆಕಾಶ ತಾನಾಗಿ ಆಗುತ್ತದೆ. ಇದು ಅವರು ಕಂಡುಹಿಡಿದದ್ದೂ ಅಲ್ಲ, ಅವರ ಗುರು ಕಂಡುಹಿಡಿದದ್ದೂ ಅಲ್ಲ. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಫ್ರಾನ್ಸ್ ಹಾಲ್ಸ್, ಹತ್ತೊಂಬತ್ತನೇ ಶತಮಾನದಲ್ಲಿ ಮೊನೆ, ವ್ಯಾನ್ ಗೋ ಮುಂತಾದವರು ಹೀಗೆ ಬರೆದವರೇ. ಗುರು ಶಿಷ್ಯರು ಮಾಡಿದ್ದೇನೆಂದರೆ ಅದನ್ನು ಮನೆಯಲ್ಲಿ ಕೂತವರೂ ಮಾಡಬಹುದಾದ ಮೆಟ್ಟಿಲುಗಳಾಗಿ ಒಡೆದು ಕೊಟ್ಟದ್ದು.

ಆ ಮೆಟ್ಟಿಲುಗಳು ಸರಳ. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಆಕಾಶ, ಆಮೇಲೆ ಬೆಟ್ಟ, ಆಮೇಲೆ ದೂರದ ಮರ, ಕೊನೆಗೆ ಎದುರಿನ ಪೊದೆ. ಗೋಡೆಗೆ ಬಣ್ಣ ಹೊಡೆಯುವಂಥ ಎರಡಿಂಚಿನ ಬ್ರಷ್, ಒಂದಿಂಚಿನ ಬ್ರಷ್, ಬೀಸಣಿಗೆಯಾಕಾರದ ಬ್ರಷ್, ಕೊಂಬೆ ಎಳೆಯಲು ಒಂದು ಸಣ್ಣ ಬ್ರಷ್, ಬೆಟ್ಟಕ್ಕೆ ಒಂದು ಚಾಕು. ಮರಕ್ಕೆ ಮೊದಲು ಕಪ್ಪು ನೆರಳು, ಅದರ ಮೇಲೆ ಬೆಳಕಿನ ಎಲೆ. ಎಲ್ಲಕ್ಕೂ ಮೇಲೆ ಒಂದೇ ಒಂದು ನಿಯಮ: ಗಟ್ಟಿ ಬಣ್ಣದ ಮೇಲೆ ತೆಳು ಬಣ್ಣ ಅಂಟುತ್ತದೆ, ಎರಡೂ ಗಟ್ಟಿ ಇದ್ದರೆ ಕಲಸಿಹೋಗುತ್ತವೆ.

ನಮ್ಮ ಮೊದಲ ಹಲಗೆ

ಅವ್ವನ ಮಾತಿಗೆ ನಾಚಿ ಸಾಮಾನು ತಂದೆವು. ಕ್ಯಾನ್ವಾಸ್ ದುಬಾರಿ ಅನ್ನಿಸಿ, ಒಂದು ಹಾರ್ಡ್‌ಬೋರ್ಡ್ ತುಂಡಿಗೆ ಬಿಳಿ ಪ್ರೈಮರ್ ಹಚ್ಚಿ ಒಣಗಿಸಿದೆವು.

ಇಲ್ಲಿ ನಮ್ಮಣ್ಣನ ಬಗ್ಗೆ ಹೇಳಬೇಕು. ಅವನು ಬೋರ್ಡ್ ಬರೆಯುವವನಾಗಿದ್ದ. ಅಂಗಡಿ ಹೆಸರು, ಲಾರಿ ಹಿಂದಿನ ಬರಹ, ಶಾಲೆ ಗೋಡೆಯ ಗಾಂಧೀಜಿ, ಎಲ್ಲ ಅವನ ಕೈಯದ್ದೇ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಮನೆಗಳಿಗೆ ಪೇಂಟ್ ಹೊಡೆಯುವ ಕೂಲಿ. ಹಳೇ ಬ್ರಷ್ಷುಗಳು ಅಟ್ಟದ ಮೇಲೆ ಸೇರಿದ್ದವು. ಯಾರಾದರೂ ಕಲಾವಿದ ಅಂದರೆ, "ಅದೆಲ್ಲ ಮುಗೀತು ಬಿಡ್ರಿ" ಅನ್ನುತ್ತಿದ್ದ. ಅಟ್ಟದಿಂದ ಆ ಬ್ರಷ್ಷುಗಳನ್ನು ಇಳಿಸಿದ್ದು ಅವನ ಮಟ್ಟಿಗೆ ಸಣ್ಣ ವಿಷಯವಾಗಿರಲಿಲ್ಲ.

ಅವನ ಕೈ ಪಳಗಿದ ಕೈ, ನಮ್ಮದು ಬರೀ ಪೆನ್ನು ಹಿಡಿದ ಕೈ. ಆದರೂ ಇಬ್ಬರ ಕೆಲಸವೂ ಒಂದೇ ಥರ ಕೆಟ್ಟಿತು. ಎರಡು ಗಂಟೆ ಕಳೆದ ಮೇಲೆ ಹಲಗೆ ಮೇಲೆ ಇದ್ದದ್ದು ಬೆಟ್ಟವೂ ಅಲ್ಲ, ಕೆರೆಯೂ ಅಲ್ಲ, ಬೂದು ಬಣ್ಣದ ಗಂಜಿ.

ಯಾಕೆ ಕೆಟ್ಟಿತು ಅಂತ ಈಗ ಗೊತ್ತು. ಬಿಳಿ ಲೇಪವನ್ನು ದಪ್ಪ ಬಳಿದಿದ್ದೆವು, ಅದರ ಮೇಲೆ ಹಾಕಿದ್ದೆಲ್ಲ ಜಾರಿತು. ಬೆರಳಿಟ್ಟರೆ ತುದಿಗೆ ಹತ್ತಿಯೂ ಹತ್ತದಷ್ಟು ತೆಳ್ಳಗೆ ಇರಬೇಕಿತ್ತು. ಅಣ್ಣನದು ಎನಾಮಲ್ ಅಭ್ಯಾಸ, ಅಕ್ಷರ ಹರಿಯಲಿ ಅಂತ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸುವುದು. ಬೆಟ್ಟದ ಬಣ್ಣಕ್ಕೂ ಬೆರೆಸಿದ. ಇಲ್ಲಿ ಬೆಟ್ಟದ ಬಣ್ಣ ಬೆಣ್ಣೆಗಿಂತ ಗಟ್ಟಿ ಇರಬೇಕು. ಚಾಕು ಹಗುರಾಗಿ ತಾಗಿಸಿದರೆ ಹಿಮ ಅಲ್ಲಲ್ಲಿ ಒಡೆದು ಕೂರುವುದು ಆ ಗಟ್ಟಿತನದಿಂದಲೇ. ಬ್ರಷ್ ತೊಳೆದು ಪೂರ್ತಿ ಒಣಗಿಸದೆ ಮರದ ಹಸಿರನ್ನು ಆಕಾಶಕ್ಕೆ ಒಯ್ದೆವು. ಎಲ್ಲಕ್ಕಿಂತ ದೊಡ್ಡ ತಪ್ಪು, ಕೈ ಎತ್ತಲಿಲ್ಲ. ಇನ್ನೊಂದು ಸಲ ಎಳೆದರೆ ಸರಿಹೋದೀತು ಅಂತ ಎಳೆದದ್ದೇ ಎಳೆದದ್ದು. ಹಸಿ ಬಣ್ಣವನ್ನು ಎಷ್ಟು ಉಜ್ಜುತ್ತೀರೋ ಅಷ್ಟು ಕೆಸರು.

ಅಣ್ಣ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟ. "ಅವ್ನು ಅರ್ಧ ಗಂಟೇಲಿ ಮಾಡ್ತಾನೆ. ನಮ್ ಕೈಲಿ ಆಗೋದಲ್ಲ ಬಿಡು" ಅಂದ. ಬ್ರಷ್ ಮತ್ತೆ ಅಟ್ಟಕ್ಕೆ ಹೋದವು. ಎರಡು ತಿಂಗಳು ಮನೆಯಲ್ಲಿ ಆ ಸುದ್ದಿಯೇ ಇಲ್ಲ. ಫೋನಿನಲ್ಲಿ ನೋಡುವುದೂ ನಿಂತಿತು. ಮೊದಲು ನೋಡಿ ಖುಷಿಪಡುತ್ತಿದ್ದ ಅಣ್ಣ ಈಗ ನೋಡಿದರೆ ತನ್ನ ಕೈಯನ್ನೇ ಹಳಿದುಕೊಳ್ಳುತ್ತಿದ್ದ.

ನಾವು ನೋಡುತ್ತಿದ್ದದ್ದು ಎರಡನೆಯ ಚಿತ್ರ

ನಾವು ಸುದ್ದಿ ಬರೆಯುವವರು. ಯಾವ ವಿಷಯವಾದರೂ ಕೆದಕುವ ಚಾಳಿ. ಈ ಮೇಷ್ಟ್ರು ನಿಜವಾಗಿಯೂ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರಾ, ಇಲ್ಲ ನಡುವೆ ಕತ್ತರಿ ಆಡಿಸುತ್ತಿದ್ದರಾ ಅಂತ ಹುಡುಕಿದೆವು.

ಸಿಕ್ಕ ಉತ್ತರ ಇದು. ಅರ್ಧ ಗಂಟೆಯ ಮಾತು ಸುಳ್ಳಲ್ಲ. ಸುಮಾರು 26–27 ನಿಮಿಷದ ಕಂತಿನಲ್ಲಿ ಅವರು ಬರೆದದ್ದು ಹೆಚ್ಚುಕಮ್ಮಿ ಹಾಗೆಯೇ ಪ್ರಸಾರವಾಗುತ್ತಿತ್ತು. ಆದರೆ ಪ್ರತಿ ಕಂತಿಗೂ ಅವರು ಬರೆಯುತ್ತಿದ್ದದ್ದು ಒಂದು ಚಿತ್ರ ಅಲ್ಲ, ಮೂರು.

ಮೊದಲನೆಯದು ಕಾರ್ಯಕ್ರಮಕ್ಕೆ ಮುಂಚೆ ಬರೆದದ್ದು. ಯಾವುದು ಎಲ್ಲಿ ಬರಬೇಕು ಅಂತ ತಿದ್ದಿ ತೀಡಿ ಮಾಡಿಕೊಂಡದ್ದು. ಅದನ್ನು ಕ್ಯಾಮೆರಾಗೆ ಕಾಣದ ಕಡೆ ಇಟ್ಟುಕೊಂಡು, ಅದನ್ನೇ ನೋಡಿಕೊಂಡು ಎರಡನೆಯದನ್ನು ಕ್ಯಾಮೆರಾ ಮುಂದೆ ಬರೆಯುತ್ತಿದ್ದರು. ನಾವು ಎಂಟು ತಿಂಗಳು ಬಾಯಿ ಬಿಟ್ಟು ನೋಡಿದ್ದು ಈ ಎರಡನೆಯದನ್ನು. ಮೂರನೆಯದು ಆಮೇಲೆ, ಪಾಠದ ಪುಸ್ತಕಕ್ಕಾಗಿ ಇನ್ನೂ ವಿವರವಾಗಿ ಬರೆಯುತ್ತಿದ್ದದ್ದು.

ಇಷ್ಟೇ ಅಲ್ಲ. ಒಂದು ಸರಣಿಗೆ ಬೇಕಾದ 13 ಕಂತುಗಳನ್ನು ಅವರು ಎರಡು ಚಿಲ್ಲರೆ ದಿನದಲ್ಲಿ ಚಿತ್ರೀಕರಿಸಿ ಮುಗಿಸುತ್ತಿದ್ದರು. ಅದು ಸಾಧ್ಯವಾದದ್ದು ಮನೆಯಲ್ಲಿ ಮೊದಲೇ ದುಡಿದಿದ್ದರಿಂದ. 403 ಕಂತುಗಳಲ್ಲಿ 381ರಲ್ಲಿ ಅವರೇ ಬರೆದಿದ್ದಾರೆ, ಉಳಿದವು ಮಗ ಮತ್ತು ಅತಿಥಿಗಳದ್ದು. ಅಮೆರಿಕದ ಒಂದು ಸುದ್ದಿ ತಾಣ 2014ರಲ್ಲಿ ಕೂತು ಎಣಿಸಿ ನೋಡಿತು: ಅವರ ಚಿತ್ರಗಳಲ್ಲಿ ನೂರಕ್ಕೆ 91ರಲ್ಲಿ ಕನಿಷ್ಠ ಒಂದು ಮರ ಇದೆ. ಒಂದೇ ಥರದ ಮರ, ನೂರಾರು ಸಲ. ಟಿವಿಗೆ ಬರುವ ಮುಂಚಿನ ತಟ್ಟೆಗಳು, ಊರೂರ ಪಾಠಗಳು ಈ ಲೆಕ್ಕದಲ್ಲಿಲ್ಲ.

ಅಂದರೆ ನಮ್ಮ ಮೊದಲನೆಯ ಹಲಗೆಯನ್ನು ನಾವು ಅವರ ಎರಡನೆಯ ಚಿತ್ರದ ಜೊತೆ ತೂಗಿದ್ದೆವು. ಅದೂ ಸಾವಿರಾರು ಮರ ಬರೆದ ಕೈಯ ಎರಡನೆಯ ಚಿತ್ರದ ಜೊತೆ. ತಕ್ಕಡಿಯಲ್ಲೇ ತಪ್ಪಿತ್ತು.

ಅಣ್ಣನಿಗೆ ಇದನ್ನು ಹೇಳಿದಾಗ ಅವನು ತುಸು ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ನಮ್ದು ಒಂದೇ ಆಗಿರೋದು" ಅಂದ. ಮಾರನೆಯ ಭಾನುವಾರ ಬ್ರಷ್ ಅಟ್ಟದಿಂದ ಇಳಿದವು.

ನೋಡುವುದು ಪಾಠವಲ್ಲ, ಪಾಠದ ಬಾಗಿಲು

ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಫೋನು ನಮ್ಮ ಹಳ್ಳಿಗಳಿಗೆ ಮೇಷ್ಟ್ರುಗಳನ್ನು ತಂದುಕೊಟ್ಟಿದೆ. ಹೊಲಿಗೆ, ವೈರಿಂಗ್, ಮೋಟರ್ ರಿಪೇರಿ, ಕಸಿ ಕಟ್ಟುವುದು, ಚಿತ್ರ, ಏನು ಬೇಕಾದರೂ ಇದೆ. ಒಳ್ಳೆಯದೇ. ಆದರೆ ಫೋನು ತೋರಿಸುವುದು ಎರಡನೆಯ ಚಿತ್ರವನ್ನು ಮಾತ್ರ. ಮೊದಲನೆಯದನ್ನು ತೋರಿಸುವುದಿಲ್ಲ. ಹಾಗಾಗಿ ನಮ್ಮಲ್ಲಿ ಇಬ್ಬಗೆಯ ಜನ ತಯಾರಾಗುತ್ತಿದ್ದಾರೆ. ಒಂದು, ನೋಡಿ ನೋಡಿ ತಮಗೆ ಗೊತ್ತಿದೆ ಅಂದುಕೊಂಡವರು, ಎಂಟು ತಿಂಗಳು ನಾವಿದ್ದ ಹಾಗೆ. ಇನ್ನೊಂದು, ಒಂದು ಸಲ ಮಾಡಿ, ಕೆಟ್ಟಿತು ಅಂತ ಕೈಬಿಟ್ಟವರು, ಆಮೇಲಿನ ಎರಡು ತಿಂಗಳು ನಾವಿದ್ದ ಹಾಗೆ. ಮೊದಲನೆಯವರಿಗೆ ನಷ್ಟ ಕಡಿಮೆ. ಎರಡನೆಯವರು ಕಳೆದುಕೊಳ್ಳುವುದು ಹೆಚ್ಚು, ಯಾಕೆಂದರೆ ಅವರು ತಮ್ಮ ಕೈಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

ರಾಸ್ ಅವರ ದೊಡ್ಡತನ ಇರುವುದೂ ಇಲ್ಲೇ. ಅವರು ತೋರಿಸಿದ್ದು ಎರಡನೆಯ ಚಿತ್ರವಾದರೂ ಪೂರ್ತಿ ತೋರಿಸಿದರು. ಹಿಂದೆ ಕಪ್ಪು ಪರದೆ, ಮುಂದೆ ಕ್ಯಾನ್ವಾಸ್, ಹತ್ತಿರದ ಕ್ಯಾಮೆರಾ. ಬ್ರಷ್ಷಿಗೆ ಬಣ್ಣ ಎಷ್ಟು ತುಂಬಿಕೊಂಡರು, ಎಷ್ಟು ಒತ್ತಿದರು, ಎಲ್ಲಿ ಕೈ ಎತ್ತಿದರು, ಎಲ್ಲ ಕಾಣುತ್ತದೆ. ಬ್ರಷ್ ತೊಳೆದು ಸ್ಟ್ಯಾಂಡಿನ ಕಾಲಿಗೆ ಬಡಿದು ಒಣಗಿಸುವುದನ್ನೂ ಬಿಡಲಿಲ್ಲ. ಕಂತಿನ ಮೊದಲಿಗೆ ಬೇಕಾದ ಬಣ್ಣಗಳ ಹೆಸರು ತೆರೆಯ ಮೇಲೆ ಓಡುತ್ತಿತ್ತು. ಒಂದು ಸಲ, ತನಗೆ ಬಣ್ಣ ಗುರುತಿಸಲು ಬರುವುದಿಲ್ಲ, ಹಾಗಾಗಿ ಚಿತ್ರ ತನಗಲ್ಲ ಎಂದ ಒಬ್ಬರಿಗಾಗಿ ಇಡೀ ಚಿತ್ರವನ್ನು ಬರೀ ಬೂದು ಛಾಯೆಗಳಲ್ಲೇ ಬರೆದು ತೋರಿಸಿದರು. ಕಲಿಸುವುದು ಅಂದರೆ ಇದು. ಈಗಿನ ಅರ್ಧ ನಿಮಿಷದ ರೀಲ್ಸ್‌ನಲ್ಲಿ ಕೈ ಮಿಂಚಿನ ಹಾಗೆ ಓಡಿ ಚಿತ್ರ ಮುಗಿದುಬಿಡುತ್ತದೆ. ಅದರಿಂದ ಕಲಿಯುವುದು ಏನೂ ಇಲ್ಲ. ರೀಲ್ಸ್ ಮಾಡುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ: ನಿಮ್ಮ ಕೆಟ್ಟ ಮೊದಲನೆಯದನ್ನೂ ಒಂದು ಸಲ ತೋರಿಸಿ. ನೋಡುವ ನೂರರಲ್ಲಿ ಹತ್ತು ಜನಕ್ಕಾದರೂ ಧೈರ್ಯ ಬಂದೀತು.

ನೋಡುವುದೇ ದಂಡ ಅಂತಲೂ ನಾವು ಹೇಳುತ್ತಿಲ್ಲ. ನೋಡಿ ಕಲಿತ ದೊಡ್ಡ ಉದಾಹರಣೆ ನಿಮ್ಮ ಮನೆ ಗೋಡೆ ಮೇಲೇ ಇರಬಹುದು. ಹಳೇ ಮನೆಗಳ ಲಕ್ಷ್ಮಿ, ಸರಸ್ವತಿ ಪಟಗಳ ಮೂಲ ಕಲಾವಿದ ರಾಜಾ ರವಿವರ್ಮ. ತಿರುವಾಂಕೂರಿನ ಅರಮನೆಗೆ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಕಲಾವಿದ ಬಂದಾಗ, ಅವನು ರವಿವರ್ಮನಿಗೆ ಎಣ್ಣೆ ಬಣ್ಣ ಕಲಿಸಲು ಒಪ್ಪಲಿಲ್ಲ, ಬರೆಯುವಾಗ ಪಕ್ಕ ನಿಂತು ನೋಡಲು ಮಾತ್ರ ಬಿಟ್ಟ ಎಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ರವಿವರ್ಮ ನೋಡಿದರು, ಆಮೇಲೆ ತಾವೇ ಹಚ್ಚಿ, ಕೆಡಿಸಿ, ಮತ್ತೆ ಹಚ್ಚಿ ಕಲಿತರು. ಅವರು ಮೈಸೂರು ಅರಮನೆಗಾಗಿ ಬರೆದ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಆ ಕಡೆ ಹೋದಾಗ ನೋಡಿ ಬನ್ನಿ. ನೋಡಿದ್ದಷ್ಟೇ ಆಗಿದ್ದರೆ ಅವು ಇರುತ್ತಿರಲಿಲ್ಲ.

ಇದು ಕಲೆಯೇ ಅಲ್ಲ ಎನ್ನುವವರಿಗೆ

ಜಿಲ್ಲಾ ಕೇಂದ್ರದಲ್ಲಿ ಚಿತ್ರಕಲೆ ಓದಿದ ಗೆಳೆಯರೊಬ್ಬರು ನಮ್ಮ ಹಲಗೆ ನೋಡಿ ನಕ್ಕರು. ಇದು ಕ್ಯಾಲೆಂಡರ್ ಚಿತ್ರ, ಕೈಚಳಕ, ಕಲೆ ಅಲ್ಲ ಅಂದರು. ಅಮೆರಿಕದಲ್ಲೂ ವಿಮರ್ಶಕರು ರಾಸ್ ಬಗ್ಗೆ ಇದನ್ನೇ ಹೇಳುತ್ತಾ ಬಂದಿದ್ದಾರೆ. 2019ರಲ್ಲಿ ಅವರ ಕೆಲವು ಚಿತ್ರಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆ ತೆಗೆದುಕೊಂಡಿತು. ತೆಗೆದುಕೊಂಡದ್ದು ಅದರ ಅಮೆರಿಕನ್ ಚರಿತ್ರೆಯ ಮ್ಯೂಸಿಯಂ, ಕಲೆಯ ಮ್ಯೂಸಿಯಂ ಅಲ್ಲ.

ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ಎಂದೂ ಹಿಮ ಕಾಣದ ನಾವು ಹಿಮದ ಬೆಟ್ಟವನ್ನೇ ಬರೆಯುತ್ತಾ ಕೂತರೆ ಅದು ನಕಲು. ಎದುರಿಗಿರುವುದನ್ನು ಕಣ್ಣಿಟ್ಟು ನೋಡುವುದು, ಪೆನ್ಸಿಲಿನಲ್ಲಿ ರೇಖೆ ಎಳೆಯುವುದು, ಮನುಷ್ಯರನ್ನು ಬರೆಯುವುದು, ಇದ್ಯಾವುದನ್ನೂ ಈ ವಿಧಾನ ಕಲಿಸುವುದಿಲ್ಲ. ಅವರ ಚಿತ್ರಗಳಲ್ಲಿ ಮನುಷ್ಯರು ಹುಡುಕಿದರೂ ಸಿಗುವುದು ಅಪರೂಪ. ಇಲ್ಲಿನ ನಿಯಮಗಳೂ ಎಲ್ಲ ಕಡೆ ನಡೆಯುವುದಿಲ್ಲ. ಪದರ ಒಣಗಿಸಿ ಬರೆಯುವ ಪದ್ಧತಿಯಲ್ಲಿ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಮುಂದೆ ಕಲಿಯಬೇಕೆನ್ನುವವರಿಗೆ ಎದುರಿಗೆ ಕೂತು ತಿದ್ದುವ ಮೇಷ್ಟ್ರು ಬೇಕೇ ಬೇಕು. ಶಾಲೆಗೆ ಚಿತ್ರಕಲಾ ಶಿಕ್ಷಕರು ಯಾಕೆ, ಯೂಟ್ಯೂಬ್ ಇದೆಯಲ್ಲ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ನಮ್ಮ ಬಿಳಿ ಲೇಪ ದಪ್ಪ ಆಯಿತು ಅಂತ ಫೋನು ಹೇಳಲಿಲ್ಲ. ಮೇಷ್ಟ್ರಿದ್ದಿದ್ದರೆ ಮೊದಲ ನಿಮಿಷಕ್ಕೇ ಹೇಳುತ್ತಿದ್ದರು.

ಅವರನ್ನು ದೇವರು ಮಾಡುವುದೂ ಬೇಡ. ಕಾರ್ಯಕ್ರಮಕ್ಕೆ ಸಂಭಾವನೆ ತೆಗೆದುಕೊಳ್ಳದಿದ್ದರೂ, ಅವರ ಹೆಸರಿನ ಬಣ್ಣ, ಬ್ರಷ್, ಪುಸ್ತಕ, ತರಗತಿಗಳ ವ್ಯಾಪಾರ ಅದರಿಂದಲೇ ಬೆಳೆಯಿತು. ತನ್ನ ಕಾರ್ಯಕ್ರಮದಲ್ಲೇ ಗುರು ಅಲೆಕ್ಸಾಂಡರ್‌ಗೆ ಅರ್ಪಣೆ ಸಲ್ಲಿಸಿದ್ದ ಶಿಷ್ಯನ ಮೇಲೆ, ಮುಂದೆ ಗುರುವಿಗೇ ಬೇಸರ ಬಂತು. ತನ್ನ ವಿದ್ಯೆ ಕಲಿತು ತನಗೇ ಎದುರು ನಿಂತ ಅನ್ನುವ ನೋವು. ರಾಸ್ ತೀರಿಕೊಂಡ ಮೇಲೆ ಅವರ ಹೆಸರಿನ ಹಕ್ಕಿಗಾಗಿ ಮಗ ಮತ್ತು ಕಂಪನಿಯ ನಡುವೆ ಕೋರ್ಟು ವ್ಯಾಜ್ಯವೂ ನಡೆಯಿತು. ಗುಂಗುರು ಕೂದಲೂ ಹುಟ್ಟಿನಿಂದ ಬಂದದ್ದಲ್ಲ. ಕ್ಷೌರದ ಖರ್ಚು ಉಳಿಸಲು ಮಾಡಿಸಿಕೊಂಡದ್ದು, ಆಮೇಲೆ ಅದೇ ಕಂಪನಿಯ ಗುರುತಾಗಿ ಬಿಡಲಾಗದೆ ಉಳಿಯಿತು.

ಇಷ್ಟೆಲ್ಲ ಇದ್ದರೂ ಗೆಳೆಯರಿಗೆ ನಮ್ಮ ಉತ್ತರ ಒಂದೇ. ಅಟ್ಟದ ಮೇಲಿದ್ದ ಬ್ರಷ್ ಇಳಿಸಿದವರು ಯಾರು? ಯಾವ ವಿಮರ್ಶಕರೂ ಅಲ್ಲ.

ನೀವು ಶುರು ಮಾಡುವುದಾದರೆ

ನಾವು ಕೆಡಿಸಿ ಕಲಿತದ್ದನ್ನು ನಿಮಗೆ ಹೇಳುತ್ತೇವೆ.

ಬಣ್ಣ ಹದಿಮೂರು ಬೇಡ. ಬಿಳಿ, ಕಡು ನೀಲಿ, ಹಳದಿ, ಕಡುಗೆಂಪು, ಕಡು ಕಂದು, ಐದು ಸಾಕು. ನೀಲಿ ಮತ್ತು ಕಂದು ಸೇರಿಸಿದರೆ ಕಪ್ಪು ಸಿಗುತ್ತದೆ, ನೀಲಿ ಮತ್ತು ಹಳದಿಗೆ ಹಸಿರು. ಕಡಿಮೆ ಬೆಲೆಯ ಟ್ಯೂಬಿನಲ್ಲಿ ಎಣ್ಣೆ ಜಾಸ್ತಿ, ಬಣ್ಣ ಮೆತ್ತಗೆ. ರಟ್ಟಿನ ಮೇಲೆ ಕೆಲವು ಗಂಟೆ ಹಿಂಡಿಟ್ಟರೆ ರಟ್ಟು ಎಣ್ಣೆ ಹೀರಿ ಬಣ್ಣ ಬೆಟ್ಟಕ್ಕೆ ಬೇಕಾದಷ್ಟು ಗಟ್ಟಿಯಾಗುತ್ತದೆ. ಬಿಳಿ ಲೇಪಕ್ಕೆ ಬಿಳಿ ಎಣ್ಣೆ ಬಣ್ಣವನ್ನೇ ಅಗಸೆ ಎಣ್ಣೆಯಲ್ಲಿ ಮಜ್ಜಿಗೆ ಹದಕ್ಕೆ ಕಲಸಿಕೊಳ್ಳಬಹುದು. ಗೋಡೆಯ ಡಿಸ್ಟೆಂಪರ್, ಅಕ್ರಿಲಿಕ್ ಬೇಡ, ಅವು ಒಣಗಿಬಿಡುತ್ತವೆ.

ಎರಡಿಂಚಿನ ಬ್ರಷ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಕೂದಲು ಉದುರದ್ದು ನೋಡಿ ಕೊಳ್ಳಿ. ಆಕಾಶಕ್ಕೆ ಗುಣಾಕಾರ ಚಿಹ್ನೆಯ ಹಾಗೆ ಅಡ್ಡಡ್ಡ ಎಳೆಯಿರಿ. ನೀರಿನಲ್ಲಿ ನೆರಳು ಬೇಕಾದರೆ ಬಣ್ಣವನ್ನು ನೆಟ್ಟಗೆ ಕೆಳಕ್ಕೆ ಎಳೆದು, ಆಮೇಲೆ ಗರಿ ತಾಗಿದ ಹಾಗೆ ಒಂದೇ ಸಲ ಅಡ್ಡ ಸವರಿ, ಕೈ ತೆಗೆಯಿರಿ.

ಎಚ್ಚರಿಕೆ ಮಾತು ಎರಡು. ಟರ್ಪೆಂಟೈನ್ ಹೊಗೆ ಒಳ್ಳೆಯದಲ್ಲ. ಕಿಟಕಿ ಬಾಗಿಲು ತೆಗೆದಿಟ್ಟು, ಒಲೆ ಬೀಡಿಗಳಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ ಬಳಸಿ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲದ್ದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಬೆಂಕಿ ತಾನಾಗಿಯೇ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿಡಿ.

ಕೊನೆಯದು, ಮುಖ್ಯವಾದದ್ದು. ಒಂದೇ ಕಂತನ್ನು ಆರಿಸಿಕೊಂಡು ಒಂದೇ ಚಿತ್ರವನ್ನು ಮೂರು ಸಲ ಬರೆಯಿರಿ. ಮೊದಲನೆಯದು ಕೆಡುತ್ತದೆ, ಕೆಡಲಿ. ಬಣ್ಣ ಒಣಗುವ ಮುಂಚೆ ಚಾಕುವಿನಿಂದ ಕೆರೆದು ತೆಗೆದರೆ ಹಲಗೆ ಮತ್ತೆ ಬಳಕೆಗೆ ಬರುತ್ತದೆ. ಎಣ್ಣೆ ಬಣ್ಣ ನಿಧಾನ ಒಣಗುವುದರ ಲಾಭ ಅದೇ. ಎರಡನೆಯದರಲ್ಲಿ ಎಲ್ಲಿ ಕೈ ಎತ್ತಬೇಕು ಅಂತ ತಿಳಿಯುತ್ತದೆ. ಮೂರನೆಯದನ್ನು ಫೋನ್ ಬೋರಲು ಹಾಕಿ ಬರೆಯಿರಿ.

ನಮ್ಮ ಮೂರನೆಯ ಹಲಗೆಯಲ್ಲಿ ಅಣ್ಣ ಹಿಮದ ಬೆಟ್ಟ ಬಿಟ್ಟು ನಮ್ಮೂರ ಗುಡ್ಡ ಬರೆದ. ಹಿಮ ಕೂರಿಸುವ ಅದೇ ಚಾಕುವಿನ ಕೆಲಸ ಬಂಡೆಗೂ ಒಗ್ಗಿತು: ಬಿಸಿಲಿನ ಕಡೆ ತಿಳಿ, ಹಿಂದೆ ನೆರಳು. ಕೆಳಗೆ ಕೆರೆ. ಬೇವಿನ ಮರ ಸರಿಯಾಗಿ ಬಂದಿಲ್ಲ. ಪೈನ್ ಮರದ ಹಾಗೆ ಚೂಪಾಗಿದೆ, ಇನ್ನೂ ನೂರು ಬರೆಯಬೇಕು. ಅವ್ವ ನೋಡಿ, "ಕೆರೆ ಚೆನ್ನಾಗಿದೆ, ಗಿಡ ಯಾಕೋ ಒಣಗ್ದಂಗಿದೆ" ಅಂದಳು. ಅಣ್ಣ ನಕ್ಕು, ಬ್ರಷ್ ತೊಳೆಯಲು ಹಿತ್ತಲಿಗೆ ಹೋದ.

ಅಟ್ಟಕ್ಕೆ ಏರಿಸಲಿಲ್ಲ. ಒಂದು ಡಬ್ಬಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದಾನೆ.